ಬೆಳಕಿಗೆ ಹಿಡಿದ ಕೈ

ಹುಳುವಿನ ತಿಂಗಳು ಬಂತೆಂದರೆ ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಮನೆಮನೆಯ ಬಾಗಿಲಿಗೂ ಕೆಂಪು ಕಾಗದ ಅಂಟಿಸುತ್ತಾರೆ. ಆ ಕಾಗದ ಇರುವಷ್ಟು ಕಾಲ ಹೊರಗಿನವರು ಹೊಸಿಲು ದಾಟುವಂತಿಲ್ಲ, ಅಕ್ಕಪಕ್ಕದವರು ಕೆಂಡ ಕೇಳಿಕೊಂಡು ಬರುವಂತಿಲ್ಲ. ಮದುವೆಯ ಮಾತು, ಜಗಳ, ಹರಕೆ, ಏನಿದ್ದರೂ ಗೂಡು ಬಿಡಿಸಿದ ಮೇಲೆ. ರೇಷ್ಮೆ ಹುಳು ಬಹಳ ಸಂಕೋಚದ ಜೀವ, ಗುರುತಿಲ್ಲದ ದನಿ ಕಿವಿಗೆ ಬಿದ್ದರೆ ತಲೆ ಒಳಗೆಳೆದುಕೊಂಡು ಮೇವು ಬಿಡುತ್ತದೆ ಎಂದು ಅಮ್ಮ ಹೇಳುತ್ತಿದ್ದಳು.

"ಥೇಟ್ ನಮ್ಮ ಆಸಾಂಗ್ ಥರ," ಎಂದು ನನ್ನ ಕಡೆ ಗದ್ದ ತೋರಿಸಿ ನಗುತ್ತಿದ್ದಳು. "ಇವಳನ್ನೂ ಒಂದು ತಟ್ಟೆಗೆ ಹಾಕಿ ಸೊಪ್ಪು ಕೊಟ್ಟರಾಯ್ತು."

ನನಗೆ ಆ ತಿಂಗಳು ಇಷ್ಟವಾಗುತ್ತಿತ್ತು. ಊರಿಗೆ ಊರೇ ಪಿಸುಮಾತಾಡುವಾಗ ನನ್ನ ಮೌನವನ್ನು ಯಾರು ಗುರುತಿಸುತ್ತಾರೆ? ಕಿಟಕಿಗಳಿಗೆಲ್ಲ ಚಾಪೆ ಇಳಿಬಿಟ್ಟ ಕತ್ತಲ ಕೋಣೆ, ಮೂಲೆಯಲ್ಲಿ ಇದ್ದಿಲ ಶಾಖ, ಗೋಡೆಯುದ್ದಕ್ಕೂ ಒಂದರ ಮೇಲೊಂದು ಬಿದಿರು ತಟ್ಟೆ. ಹುಳುಗಳು ಸೊಪ್ಪು ಮೇಯುವ ಸದ್ದು ಎಲ್ಲೋ ದೂರದ ಕೆರೆಯ ಮೇಲೆ ಸಣ್ಣಗೆ ಹನಿ ಬಿದ್ದಂತೆ. ಆ ಸದ್ದಿನೊಳಗೆ ಕುಳಿತರೆ ನಾನು ಎಚ್ಚರವಿದ್ದೇನೋ ಕನಸಿನಲ್ಲಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ.

ಆ ವರ್ಷ ಆ ಕೋಣೆಯಲ್ಲಿ ನನ್ನ ಜೊತೆ ಅತ್ತಿಗೆ ಶುಯ್‌ಲಿಂಗ್ ಇದ್ದಳು. ಅವಳ ಹೊಟ್ಟೆಯಲ್ಲಿ ನನ್ನ ಅಣ್ಣ ಗೆನ್‌ಫಾನ ಮಗು ಇತ್ತು.

ಅತ್ತಿಗೆ ಹುಟ್ಟಿದ್ದು ನೆಲದ ಮೇಲಲ್ಲ, ದೋಣಿಯಲ್ಲಿ. ಅವಳ ತೌರಿನವರು ದೊಡ್ಡ ಸರೋವರದಲ್ಲಿ ಮೀನು ಹಿಡಿಯುವವರು. ಅಡುಗೆ, ನಿದ್ದೆ, ಹೆರಿಗೆ, ಎಲ್ಲವೂ ದೋಣಿಯಲ್ಲೇ. ಮದುವೆಯಾಗಿ ಬಂದ ಹೊಸದರಲ್ಲಿ ರಾತ್ರಿ ನಿದ್ದೆ ಬಾರದೆ ನನ್ನ ಹಾಸಿಗೆಗೆ ಬಂದು ಕೂತು, "ಈ ನೆಲ ಯಾಕೆ ಸ್ವಲ್ಪವೂ ಅಲುಗಾಡಲ್ಲ ಕಣೇ? ಸತ್ತ ಮೀನಿನ ಹಾಗೆ ಬಿದ್ದಿದೆ," ಎಂದಿದ್ದಳು. ಅವಳ ಕೆನ್ನೆಗಳು ಆಗ ಸೀಗಡಿ ಬೇಯಿಸಿದ ಬಣ್ಣಕ್ಕಿದ್ದವು. ಅವಳ ಅಂಗಾಲು ಮೆತ್ತಗೆ, ಬೆಳ್ಳಗೆ ಇತ್ತು. ಮಣ್ಣು ಕಾಣದ ಪಾದ.

ಮೊದಲ ವಸಂತದಲ್ಲೇ ಆ ಪಾದ ನಮ್ಮ ಹಿಪ್ಪುನೇರಳೆ ತೋಟಕ್ಕಿಳಿಯಿತು. ಸೊಪ್ಪು ಕೀಳುವುದು ನಸುಕಿನಲ್ಲಿ, ಎಲೆಗಳ ಮೇಲೆ ಇಬ್ಬನಿ ಇರುವಾಗಲೇ. ಗಿಡದ ಬುಡಕ್ಕೆ ಕಕ್ಕಸಿನ ಗಡಿಗೆಯಿಂದ ತಂದ ಗೊಬ್ಬರ ಸುರಿದಿರುತ್ತೇವೆ. ಒದ್ದೆ ಮಣ್ಣಿನಲ್ಲಿ ಮೆಟ್ಟು ಕಚ್ಚಿಕೊಳ್ಳುತ್ತದೆಂದು ಬರಿಗಾಲಲ್ಲೇ ಹೋಗುವುದು. ಎರಡು ದಿನಕ್ಕೆ ಅತ್ತಿಗೆಯ ಕಾಲ್ಬೆರಳ ಸಂದುಗಳಲ್ಲಿ ಕೆಂಪು ಗುಳ್ಳೆ ಎದ್ದು, ರಾತ್ರಿಯೆಲ್ಲ ಕಾಲು ಕೆರೆದುಕೊಂಡು ಅತ್ತಳು.

ಪಕ್ಕದ ಮನೆಯ ಮಾವೋ ಅತ್ತೆ ಬಾಯಿ ತುಂಬ ನಕ್ಕಳು. "ತೋಟ ಹೊಸ ಸೊಸೆ ಕಾಲಿನ ರುಚಿ ನೋಡ್ತಿದೆ! ನಮ್ಮದನ್ನೂ ನೋಡಿತ್ತು. ಮೀನಿನವರ ಮಗಳಲ್ವಾ, ಜಾಸ್ತಿ ರುಚಿ ಹತ್ತಿರಬೇಕು." ಬಿಸಿ ಬೂದಿ ಹಚ್ಚಿದಳು. ಗುಳ್ಳೆ ಒಣಗಿದವು. ಆ ಮೊದಲ ವರ್ಷ ವಸಂತ, ಬೇಸಿಗೆ, ಶರತ್ತು, ಮೂರು ಬೆಳೆಗೂ ಅವಳು ಸೊಪ್ಪು ಕಿತ್ತಳು. ಆಮೇಲೆ ಯಾರೂ ಅವಳ ಕಾಲಿನ ಮಾತೆತ್ತಲಿಲ್ಲ.

*

ಮರುವರ್ಷದ ವಸಂತದಲ್ಲಿ ಮೊಟ್ಟೆ ಒಡೆಸುವ ಹೊತ್ತು ಬಂದಾಗ ಅಮ್ಮ ಮೊಟ್ಟೆಯ ಕಾಗದವನ್ನು ಹತ್ತಿಯಲ್ಲಿ ಸುತ್ತಿ ಅತ್ತಿಗೆಯ ಎದೆಗೆ ಕಟ್ಟಿದಳು. ಹೆಂಗಸಿನ ಮೈ ಬಿಸಿಯಲ್ಲೇ ಮೊಟ್ಟೆ ಒಡೆಯಬೇಕು.

"ಎರಡು ಜೀವದ ಬಿಸಿ ಇದೆ ಇವಳಲ್ಲಿ. ಬೇಗ ಕಣ್ಣು ಬಿಡ್ತಾವೆ ನೋಡು," ಎಂದಳು.

ಅತ್ತಿಗೆ ಆ ಪುಟ್ಟ ಗಂಟನ್ನು ಎದೆಗವಚಿಕೊಂಡು ಮಗುವಿಗೆ ಹಾಡುವ ಹಾಗೆ ಗುನುಗುತ್ತ ಮಲಗುತ್ತಿದ್ದಳು. ಪಕ್ಕದವರ ಮನೆಯಲ್ಲಿ ಮೊಟ್ಟೆ ಒಡೆದು, ಇರುವೆ ಸಾಲಿನಂಥ ಮರಿಗಳು ಎಳೆ ಎಲೆ ಮೇಯತೊಡಗಿದವು. ನಮ್ಮವು ಮಾತ್ರ ಬೂದುಬಣ್ಣದ ಎಳ್ಳಿನಂತೆ ಸುಮ್ಮನಿದ್ದವು. ಅಮ್ಮ ಅತ್ತಿಗೆಯ ಎದೆಗೆ ಕೈಯಿಟ್ಟು ನೋಡಿ ಕೈ ಹಿಂದೆಗೆದಳು.

"ಇದೇನೇ ಹುಡುಗಿ, ಬಾವಿ ಕಟ್ಟೆ ಹಾಗೆ ತಣ್ಣಗಿದೀಯ!"

ಗಂಟು ನನ್ನ ಎದೆಗೆ ಬಂತು. ನನ್ನ ಮೈಗೆ ತಾಗಿ ಮಲಗಿದ್ದ ಅತ್ತಿಗೆಯ ಪಾದಗಳು ಆ ರಾತ್ರಿ ನೀರಿನಲ್ಲಿ ನೆನೆಹಾಕಿದಂತಿದ್ದವು. ಮರುದಿನವೇ ಮೊಟ್ಟೆಗಳು ನನ್ನೆದೆಯ ಮೇಲೆ ಕಚಗುಳಿಯಿಡುತ್ತ ಒಡೆದವು. ಅತ್ತಿಗೆ ಬಗ್ಗಿ ನೋಡಿ, "ನನಗೆ ಬರಲಿಲ್ಲ, ನಿನಗೆ ಬಂತು," ಎಂದು ನಕ್ಕಳು. ನಕ್ಕಾಗ ಅವಳ ವಸಡು ಕಾಣಿಸಿತು. ಅದಕ್ಕೆ ಬಣ್ಣವೇ ಇರಲಿಲ್ಲ.

ಆಮೇಲೆ ನಾನು ಅವಳನ್ನು ನೋಡುವುದನ್ನು ಬಿಡಲಿಲ್ಲ. ಮಾತಾಡದವಳಿಗೆ ನೋಡುವುದೇ ಕೆಲಸ. ಸೊಪ್ಪು ಕೀಳಲು ಹೋದರೆ ಅವಳು ಏಣಿಯ ಎರಡನೆಯ ಮೆಟ್ಟಿಲಲ್ಲೇ ಏದುಸಿರು ಬಂದು ನಿಂತು ಮರವನ್ನು ತಬ್ಬಿಕೊಳ್ಳುತ್ತಿದ್ದಳು. ಅನ್ನದ ಬಟ್ಟಲನ್ನು ಸರಿಸಿ, ಯಾರೂ ಇಲ್ಲದಾಗ ಒಲೆಯ ಮಗ್ಗುಲಿನ ಸುಟ್ಟ ಮಣ್ಣನ್ನು ಉಗುರಿನಿಂದ ಕೆರೆದು ಬಾಯಿಗಿಡುತ್ತಿದ್ದಳು. ನಾನು ಕಂಡದ್ದು ತಿಳಿದಾಗ ಬಾಯೊರೆಸಿಕೊಂಡು, "ಮಳೆ ಬಿದ್ದ ದಡದ ವಾಸನೆ ಬರುತ್ತೆ ಕಣೇ, ಬಿಡಕ್ಕಾಗಲ್ಲ. ಅತ್ತೆಗೆ ಹೇಳಬೇಡ," ಎಂದಳು.

"ಇಲ್ಲ," ಎಂದೆ.

"ನೀನು ಯಾರಿಗೆ ತಾನೆ ಹೇಳ್ತೀಯ! ನೀನೇ ನನ್ನ ಬಾಯಿ ಕಟ್ಟಿದ ಮಣ್ಣಿನ ಗಡಿಗೆ."

ದಿನ ಕಳೆದಂತೆ ಅವಳು ಹಳದಿಯಾದಳು. ಅರಿಸಿನದ ಹಳದಿಯಲ್ಲ. ಹಳೆಯ ಕಿಟಕಿ ಕಾಗದದ, ಮೇಣದ ಹಳದಿ. ಕಿವಿಯ ಹಾಲೆಗಳು ಪಾರದರ್ಶಕವಾದಂತೆ ಕಾಣುತ್ತಿದ್ದವು. ಕತ್ತಲ ಕೋಣೆಯಲ್ಲಿ ಸೊಪ್ಪು ಹರಡುತ್ತ ಅವಳು ಓಡಾಡಿದರೆ ಒಂದು ಮಸುಕಾದ ದೀಪ ತಾನೇ ನಡೆದಂತಿರುತ್ತಿತ್ತು. ಅಮ್ಮನೂ ಅದನ್ನು ಕಂಡಿದ್ದಳು. ಕಂಡು ಸಂತೋಷಪಟ್ಟಳು.

ರೇಷ್ಮೆ ಹುಳು ನೂಲು ಬಿಡುವ ಮೊದಲು ಮೇವು ಬಿಡುತ್ತದೆ. ಅದರ ಮೈ ಬಿಳುಪು ಕಳೆದು ಹೊಂಬಣ್ಣಕ್ಕೆ ತಿರುಗಿ, ನಿಧಾನವಾಗಿ, ತಲೆಯೆತ್ತಿ ಯಾರನ್ನೋ ಹುಡುಕುವಂತೆ ತೂಗಾಡುತ್ತದೆ. ಆಗ ಹುಳು ಹಣ್ಣಾಯಿತು ಎನ್ನುತ್ತೇವೆ. ಅದನ್ನೆತ್ತಿ ಹುಲ್ಲಿನ ಕಂತೆಗಳ ಬೆಟ್ಟಕ್ಕೆ ಬಿಟ್ಟರೆ ಗೂಡು ಕಟ್ಟುತ್ತದೆ. ನಮ್ಮೂರ ಹೆಂಗಸರಿಗೆ ಲೋಕದಲ್ಲಿ ಹಳದಿ ಬಣ್ಣಕ್ಕಿಂತ ಶುಭವಾದದ್ದಿಲ್ಲ.

"ಊಟ ಬಿಟ್ಟಿದಾಳೆ, ಮೈ ಹಳದಿ ತಿರುಗಿದೆ, ಕೂತಲ್ಲೇ ತೂಗಾಡ್ತಾಳೆ," ಎಂದು ಅಮ್ಮ ಬೇಲಿಯಾಚೆಯ ಮಾವೋ ಅತ್ತೆಗೆ ಪಿಸುಗುಟ್ಟಿದಳು. "ನಮ್ಮ ಸೊಸೆ ಹಣ್ಣಾಗ್ತಿದಾಳೆ ಕಣೇ."

"ನನ್ನ ತಂಗೀನೂ ಹಿಂಗೇ ಹಳದಿಯಾಗಿದ್ದಳು," ಎಂದಳು ಮಾವೋ ಅತ್ತೆ.

"ಗಂಡೋ, ಹೆಣ್ಣೋ?"

ಹುಳುವಿನ ತಿಂಗಳಲ್ಲಿ ಸತ್ತವರ ಮಾತಾಡಬಾರದು. ಮಾವೋ ಅತ್ತೆ ತಟ್ಟೆ ತೊಳೆಯುವುದಿದೆ ಎಂದು ಎದ್ದು ಹೋದಳು. ಅಮ್ಮ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ.

*

ಹುಳುಗಳು ದೊಡ್ಡ ನಿದ್ದೆಗೆ ಹೋದ ದಿನ ಕಾಲುವೆಯಲ್ಲಿ ಆರೋಗ್ಯದ ದೋಣಿ ಬಂತು. ನಾಲ್ಕು ಸಲ ಪೊರೆ ಬಿಡುವ ಹುಳು ಕೊನೆಯ ಸಲ ಬಹಳ ಹೊತ್ತು ಮಲಗುತ್ತದೆ. ತಲೆಯೆತ್ತಿಕೊಂಡೇ ಮಲಗುತ್ತದೆ, ಪ್ರಾರ್ಥನೆ ಮಾಡುತ್ತಿರುವ ಹಾಗೆ. ಆಗ ಮನೆಯೊಳಗೆ ಬಟ್ಟಲು ತಾಗುವ ಸದ್ದೂ ಆಗಬಾರದು.

ದೋಣಿಯಿಂದಿಳಿದವಳು ಮೋಟು ಕೂದಲಿನ ಹೆಂಗಸು. ಪೇಟೆಯ ಆರೋಗ್ಯ ಕೇಂದ್ರದಿಂದ ಬಂದವಳು, ಹೆಸರು ಫಾಂಗ್. ಹೆಗಲಿಗೆ ಚೀಲ. ನಮ್ಮ ಬಾಗಿಲಿನ ಕೆಂಪು ಕಾಗದ ನೋಡಿ ಮೆಟ್ಟಿಲ ಕೆಳಗೇ ನಿಂತಳು.

"ಅಮ್ಮಾ, ಮನೇಲಿ ಬಸುರಿ ಇದಾರಂತಲ್ಲ? ಒಂದು ಸಲ ನೋಡ್ಕೊಂಡು ಹೋಗ್ತೀನಿ," ಎಂದಳು. ಅವಳೂ ದನಿ ತಗ್ಗಿಸಿಯೇ ಮಾತಾಡಿದಳು.

ಅಮ್ಮ ಬಾಗಿಲನ್ನು ಮುಖ ಹಿಡಿಯುವಷ್ಟೇ ತೆರೆದಳು. "ಹುಳ ಮಲಗಿವೆ ಡಾಕ್ಟರಮ್ಮ. ಗೂಡಾದ ಮೇಲೆ ಬನ್ನಿ. ಟೀ ಕುಡಿದು, ಊಟ ಮಾಡ್ಕೊಂಡೇ ಹೋಗೋರಂತೆ."

"ಅವರನ್ನೇ ಹೊರಗೆ ಕಳಿಸ್ತೀರಾ?"

"ಹೊರಗಿನ ಗಾಳಿ ಮುಟ್ಟಿಸಿಕೊಂಡು ಮತ್ತೆ ಒಳಗೆ ಬರಬೇಕಲ್ಲ. ಚೆನ್ನಾಗಿದಾಳೆ. ಹಣ್ಣಿನ ಹಾಗಿದಾಳೆ."

ಬಾಗಿಲು ಮುಚ್ಚಿತು.

ನಾನು ಆಗ ಕಾಲುವೆಯ ಮೆಟ್ಟಿಲಲ್ಲಿ ಕೂತು ತಟ್ಟೆ ತೊಳೆಯುತ್ತಿದ್ದೆ. ಫಾಂಗ್ ದೋಣಿಗೆ ಹಿಂತಿರುಗುವವಳು ನನ್ನನ್ನು ಕಂಡು ಪಕ್ಕದ ಕಲ್ಲಿನ ಮೇಲೆ ಕೂತಳು. ನಾನು ತಲೆಯೆತ್ತಲಿಲ್ಲ. ಅವಳೂ ನೀರನ್ನೇ ನೋಡುತ್ತ ಮಾತಾಡಿದಳು. ಅದರಿಂದ ನನಗೆ ಸ್ವಲ್ಪ ಹಗುರವಾಯಿತು.

"ನಿನ್ನ ಅತ್ತಿಗೇನಾ? ಏರಿ ಹತ್ತಿದರೆ ಏದುಸಿರು ಬರುತ್ತಾ?"

ತಲೆಯಾಡಿಸಿದೆ.

"ಒಂದು ಕೆಲಸ ಮಾಡ್ತೀಯಾ? ಅವಳ ಕೆಳಗಿನ ರೆಪ್ಪೆ ಇದೆಯಲ್ಲ, ಅದನ್ನ ಹಿಂಗೆ ಮೆಲ್ಲಗೆ ಕೆಳಗೆ ಎಳಿ." ತನ್ನ ರೆಪ್ಪೆಯನ್ನೇ ಎಳೆದು ತೋರಿಸಿದಳು. ಒಳಗೆ ಕೆಂಪಗಿತ್ತು, ದಾಳಿಂಬೆ ಹೂವಿನ ಹಾಗೆ. "ಹಿಂಗೆ ಕೆಂಪಗಿದ್ದರೆ ಚಿಂತೆಯಿಲ್ಲ. ಮೂಲಂಗಿ ಹಾಗೆ ಬೆಳ್ಳಗಿದ್ದರೆ ಗೂಡಿಗೆ ಕಾಯಬೇಡಿ, ಕರಕೊಂಡು ಬನ್ನಿ. ರಕ್ತ ಇಲ್ಲದೋಳು ಹೆರಿಗೇಲಿ ಒಂದು ಬಟ್ಟಲು ಕಳಕೊಂಡರೂ ತಡೆಯಲ್ಲ. ತಿಳೀತಾ?"

ಮತ್ತೆ ತಲೆಯಾಡಿಸಿದೆ. ದೋಣಿ ಹೋಯಿತು. ನೀರು ಬಹಳ ಹೊತ್ತು ಅಲುಗುತ್ತಿತ್ತು.

ಮಧ್ಯಾಹ್ನ ಅತ್ತಿಗೆ ತಟ್ಟೆಗಳ ಸಾಲಿನ ಬುಡದಲ್ಲಿ ಚಾಪೆಯ ಮೇಲೆ ಒರಗಿದ್ದಳು. ಅವಳ ಕಣ್ಣಿಗೆ ಹೊಟ್ಟು ಬಿದ್ದಿದೆ ಎಂದು ಸುಳ್ಳು ಹೇಳಿ ರೆಪ್ಪೆ ಕೆಳಗೆಳೆದೆ. ಮೂಲಂಗಿಯಲ್ಲ, ಸುಣ್ಣ. ಆ ಬಿಳುಪಿನೊಳಗೆ ಒಂದು ಕೆಂಪು ಎಳೆಯೂ ಇರಲಿಲ್ಲ.

"ಸಿಕ್ತಾ?" ಎಂದಳು.

"ಹ್ಞೂಂ."

"ಆಸಾಂಗ್, ನನ್ನ ಕಿವಿಯಲ್ಲಿ ಅಪ್ಪ ದೋಣಿ ನಡೆಸ್ತಾ ಇರ್ತಾನೆ. ಹುಟ್ಟು ನೀರಿಗೆ ಬೀಳೋ ಸದ್ದು. ಹಗಲೂ ರಾತ್ರಿ. ನಾನು ದೋಣಿಯೊಳಗೆ ಮಲಗಿದೀನಿ, ಅಪ್ಪ ಎಲ್ಲೂ ನಿಲ್ಲಿಸಲ್ಲ. ಮಂಜು. ದಡ ಕಾಣಲ್ಲ." ಅವಳು ನಕ್ಕಳು. "ಚೆನ್ನಾಗಿರುತ್ತೆ ಕಣೇ. ಈಗ ನಿಮ್ಮ ನೆಲಾನೂ ಅಲುಗಾಡುತ್ತೆ."

ಸುತ್ತ ಸಾವಿರಾರು ಹುಳುಗಳು ತಲೆಯೆತ್ತಿ ನಿದ್ರಿಸುತ್ತಿದ್ದವು. ಅವಳೂ ಹಾಗೆಯೇ, ತಲೆಯನ್ನು ಗೋಡೆಗೆ ಆನಿಸಿ, ಕಣ್ಣು ಮುಚ್ಚಿದಳು. ಈ ನಿದ್ದೆಯಿಂದ ಹುಳುಗಳು ಏಳುತ್ತವೆ ಎಂದು ನನಗೆ ಗೊತ್ತಿತ್ತು. ಅವಳ ವಿಷಯ ಗೊತ್ತಿರಲಿಲ್ಲ.

ಅಮ್ಮನಿಗೆ ಹೇಳಬೇಕೆಂದು ಅಡುಗೆಮನೆಗೆ ಹೋದೆ. ಅಮ್ಮ ಗಂಜಿ ಕುದಿಸುತ್ತಿದ್ದಳು. "ಅಮ್ಮ," ಎಂದೆ. "ಏನು?" ಎಂದಳು. ಅಮ್ಮ ಊರಿನಲ್ಲೇ ಹುಳುವಿನ ಕಣ್ಣುಳ್ಳವಳು ಎಂದು ಹೆಸರಾದವಳು. ಇಂಥ ಹುಳು ಇಂಥ ಹೊತ್ತಿಗೆ ಬೆಟ್ಟ ಹತ್ತುತ್ತದೆ ಎಂದರೆ ಹತ್ತುತ್ತಿತ್ತು. ಅವಳು ಹಣ್ಣಾಯಿತು ಎಂದದ್ದನ್ನು ನಾನು ಅಲ್ಲ ಎನ್ನುವುದು ಹೇಗೆ?

"ಉಪ್ಪು ಜಾಸ್ತಿ ಹಾಕಬೇಡ," ಎಂದು ಬಂದೆ.

*

ದೊಡ್ಡ ನಿದ್ದೆಯಿಂದೆದ್ದ ಹುಳುಗಳ ಹಸಿವು ಹಸಿವಲ್ಲ, ಬೆಂಕಿ. ಬುಟ್ಟಿ ಬುಟ್ಟಿ ಸೊಪ್ಪು ಸುರಿದರೂ ಗಳಿಗೆಯಲ್ಲಿ ನರ ಮಾತ್ರ ಉಳಿಯುತ್ತದೆ. ಅಣ್ಣ ದೋಣಿಯಲ್ಲಿ ಹೋಗಿ ಬೇರೆ ಊರಿನಿಂದ ಸೊಪ್ಪು ತಂದು ಸುರಿದು ಮತ್ತೆ ತೋಟಕ್ಕೆ ಓಡುತ್ತಿದ್ದ. ಹೆಂಡತಿಯ ಮುಖ ಅವನು ಕಂಡದ್ದೇ ಕತ್ತಲಲ್ಲಿ. ನಾನು ಬೇಡವೆಂದರೂ ಅತ್ತಿಗೆ ಕೇಳದೆ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು.

ಮೊದಲ ಹುಳುಗಳು ಹಣ್ಣಾಗತೊಡಗಿದ ದಿನ, ಊಟದ ಹೊತ್ತು ದಾಟಿತ್ತು. ಅತ್ತಿಗೆ ಮೇಲಿನ ತಟ್ಟೆಗೆ ಕೈ ಚಾಚಿದವಳು ಹಾಗೇ ಮಡಿಸಿಕೊಂಡು ಕೂತಳು. ಸದ್ದೇ ಆಗಲಿಲ್ಲ. ನೆನೆದ ಬಟ್ಟೆ ತಂತಿಯಿಂದ ಜಾರಿದ ಹಾಗೆ. ಅವಳ ಬಲಗೈ ಕೆಳಗಿನ ತಟ್ಟೆಯಲ್ಲಿ ಹುಳುಗಳ ನಡುವೆ ಬಿದ್ದಿತ್ತು.

ನಾನು ಓಡಿಹೋಗಿ ತಲೆ ಹಿಡಿದೆ. ಉಸಿರಿತ್ತು. ಕಣ್ಣು ಅರೆ ತೆರೆದಿತ್ತು. ಅಮ್ಮ ಬಂದು ಬಗ್ಗಿದಳು, ಹಣೆ ಮುಟ್ಟಿದಳು. ಆಮೇಲೆ ಆ ಕೈಯನ್ನು ನೋಡಿದಳು.

ಹಣ್ಣಾದ ಹುಳವೊಂದು ಅತ್ತಿಗೆಯ ಅಂಗೈ ಹತ್ತಿತ್ತು. ತಲೆಯನ್ನು ಅತ್ತ ಇತ್ತ ತೂಗುತ್ತ, ಅವಳ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನೂಲು ಎಳೆಯುತ್ತಿತ್ತು. ಒಂದೆಳೆ, ಇನ್ನೊಂದೆಳೆ. ಬೆರಳು ಅಲುಗಾಡಲಿಲ್ಲ. ಹುಲ್ಲಿನ ಕಡ್ಡಿಗಳೇ ಎಂದು ಹುಳು ತಿಳಿದಿತ್ತು.

"ನೋಡೇ," ಅಮ್ಮ ಪಿಸುಗುಟ್ಟಿದಳು. "ಹುಳ ಕಾಯೋ ದೇವಿ ಇವಳನ್ನ ಆರಿಸಿಕೊಂಡಿದಾಳೆ. ಇಂಥದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ಮುಟ್ಟಬೇಡ. ಹಾಗೇ ಬಿಡು. ಧೂಪ ತರ್ತೀನಿ."

ನನಗೂ ಒಂದು ಕ್ಷಣ ಅದು ಚೆಂದವೆನಿಸಿತು. ಕತ್ತಲು, ಹುಳು ಮೇಯುವ ಸದ್ದು, ಆ ಮೇಣದ ಕೈ, ಅದರ ಮೇಲೆ ಬೆಳಕಿನ ಎಳೆ. ಹೀಗೆಯೇ ಬಿಟ್ಟರೆ ಹುಳು ಅವಳ ಕೈಯನ್ನು, ತೋಳನ್ನು, ಮುಖವನ್ನು ನೇಯ್ದುಬಿಡುತ್ತದೆ, ಅವಳು ಒಳಗೆ ಸುಖವಾಗಿ ಮಲಗಿಬಿಡುತ್ತಾಳೆ. ಹಾಗೆ ಅನ್ನಿಸಿದ್ದಕ್ಕೇ ನನಗೆ ಭಯವಾಯಿತು. ಗೂಡಿನೊಳಗೆ ಹೋದ ಹುಳುವನ್ನು ನಾವು ಕುದಿನೀರಿಗೆ ಹಾಕುತ್ತೇವೆ.

ಆ ಕೋಣೆಯ ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಕಂಡಿಯಿದೆ. ಅದರಿಂದ ಬೀಳುವ ಬಿಸಿಲು ಒಂದು ಗೇಣಗಲ. ಅಮ್ಮ ಅನುಮಾನ ಬಂದ ಹುಳುವನ್ನು ಆ ಬೆಳಕಿಗೆ ಹಿಡಿದು ನೋಡುವುದು ಅಲ್ಲಿಯೇ. ಹಣ್ಣಾದ ಹುಳವೂ ಹಳದಿ, ಹಾಲು ರೋಗ ಬಂದ ಹುಳವೂ ಹಳದಿ. ಮೇಲೆ ನೋಡಿದರೆ ಒಂದೇ. ಬೆಳಕಿಗೆ ಹಿಡಿದರೆ ಹಣ್ಣು ಹುಳುವಿನ ಒಳಗೆ ಬೆಳಕು ಹಾದು ಹೊನ್ನಾಗುತ್ತದೆ. ರೋಗದ ಹುಳುವಿನೊಳಗೆ ಕೊಳೆನೀರು, ಬೆಳಕು ಅಲ್ಲೇ ಸಾಯುತ್ತದೆ. ಅಂಥ ಹುಳು ತಟ್ಟೆಯ ಅಂಚು ಹಿಡಿದು ಅಲೆಯುತ್ತದೆ, ಎಂದೂ ಗೂಡು ಕಟ್ಟುವುದಿಲ್ಲ. ಮೇಲಿನ ಬಣ್ಣ ನಂಬಬೇಡ, ಬೆಳಕನ್ನ ಕೇಳು ಎಂದು ನನಗೆ ಕಲಿಸಿದ್ದು ಅಮ್ಮನೇ.

ನಾನು ಹುಳುವನ್ನು ಮೆಲ್ಲನೆ ಬಿಡಿಸಿ ತಟ್ಟೆಗೆ ಹಾಕಿದೆ. ಅಮ್ಮ "ಅಯ್ಯೋ!" ಎಂದಳು. ಅತ್ತಿಗೆಯ ಕಂಕುಳಿಗೆ ಕೈಕೊಟ್ಟು ಕಂಡಿಯ ಬಳಿಗೆ ಎಳೆದುಕೊಂಡು ಹೋದೆ. ಹೊಟ್ಟೆಯೊಂದೇ ಭಾರ, ಉಳಿದ ಮೈ ಸೊಪ್ಪಿನ ಬುಟ್ಟಿಯಷ್ಟೇ ಹಗುರ. ಅವಳ ಕೈಯನ್ನು ಬಿಸಿಲಿಗೆ ಹಿಡಿದೆ, ಬೆರಳುಗಳನ್ನು ಒತ್ತಾಗಿ ಜೋಡಿಸಿ. ಅದರ ಪಕ್ಕಕ್ಕೇ ನನ್ನ ಕೈಯನ್ನೂ ಹಿಡಿದೆ.

ನನ್ನ ಬೆರಳುಗಳ ಅಂಚು ಕೆಂಪಗೆ ಉರಿಯಿತು, ಒಳಗೆ ಕೆಂಡವಿದ್ದಂತೆ. ಅವಳ ಬೆರಳುಗಳು ಬೂದುಬಣ್ಣದ ಕಾಗದದ ಹಾಗೆ ಇದ್ದವು. ಬಿಸಿಲು ಬಂದು ಅಲ್ಲಿ ನಿಂತಿತು ಅಷ್ಟೆ. ಯಾವ ಬಣ್ಣವೂ ಏಳಲಿಲ್ಲ.

"ಅಮ್ಮ, ನೀನೇ ನೋಡು," ಎಂದೆ.

ಅಮ್ಮ ನೋಡಿದಳು. ಹತ್ತಿರ ಬಂದು ತನ್ನ ಕೈಯನ್ನೂ ಹಿಡಿದಳು. ಅವಳದು ಮುದಿಯಾದ, ಒರಟು ಕೈ. ಅದರ ಅಂಚೂ ಕೆಂಪಾಯಿತು. ಮೂರು ಕೈಗಳು ಬಿಸಿಲಿನಲ್ಲಿ ಸಾಲಾಗಿದ್ದವು. ಹುಳುಗಳು ಮೇಯುತ್ತಲೇ ಇದ್ದವು.

"ಇದು ಹಣ್ಣಲ್ಲ," ಎಂದಳು ಅಮ್ಮ, ಬಹಳ ಮೆಲ್ಲಗೆ.

ಆಮೇಲೆ ಅವಳು ಮೆಲ್ಲಗೆ ಮಾತಾಡಲಿಲ್ಲ. "ಗೆನ್‌ಫಾ!" ಎಂದು ಕೂಗಿದಳು. ಹುಳುವಿನ ತಿಂಗಳಲ್ಲಿ ನಮ್ಮೂರು ಕೇಳಿರದ ಕೂಗು ಅದು. ತೋಟದ ಹಕ್ಕಿಗಳು ಎದ್ದವು. ಅವಳು ಬಾಗಿಲಿನ ಕೆಂಪು ಕಾಗದವನ್ನು ಪರ್ರನೆ ಕಿತ್ತು, ಎರಡೂ ಬಾಗಿಲು ತೆರೆದಳು. ಬೆಳಕು ನದಿಯ ಹಾಗೆ ಒಳಗೆ ನುಗ್ಗಿತು.

ಬೇಲಿಯಾಚೆಯಿಂದ ಮಾವೋ ಅತ್ತೆ ಎದೆ ಹಿಡಿದುಕೊಂಡು ಬಂದಳು. "ನಿನಗೇನು ಹುಚ್ಚೇನೇ? ಹುಳ ಇನ್ನೂ ಬೆಟ್ಟ ಹತ್ತಿಲ್ಲ, ಬಾಗಿಲು ತೆಗೆದೀಯಲ್ಲ! ವರ್ಷದ ಬೆಳೆ ಕಣೇ!"

"ನನ್ನದೊಂದು ಹುಳ ತಟ್ಟೆ ಬಿಟ್ಟು ಹೊರಟಿದೆ," ಎಂದಳು ಅಮ್ಮ. "ಹಿಡಿದು ತರಬೇಕು. ನಿಂತ್ಕೊಂಡು ಬಾಯಿ ಮಾಡಬೇಡ, ಆ ಹಾಸಿಗೆ ಎತ್ತಿ ದೋಣಿಗೆ ಹಾಕು. ಕೈ ಇದೆಯಲ್ಲ ನಿನಗೂ?"

ಮಾವೋ ಅತ್ತೆ ಹಾಸಿಗೆ ಎತ್ತಿದಳು. ದೋಣಿಯಲ್ಲಿ ಅದನ್ನು ಹರಡುವಾಗ ಅತ್ತಿಗೆಯ ಮುಖ ನೋಡಿ, "ನನ್ನ ತಂಗಿಯನ್ನ ಯಾರೂ ದೋಣಿಗೆ ಹಾಕಲಿಲ್ಲ," ಎಂದು ತನ್ನ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು.

*

ಅಮ್ಮ ಹುಳುಗಳ ಬಳಿ ಉಳಿದಳು. ಅಣ್ಣ ಹಿಂದೆ ನಿಂತು ಹುಟ್ಟು ಹಾಕಿದ. ನೀರನ್ನು ಹೊಡೆಯುವವನ ಹಾಗೆ ಹಾಕಿದ. ಕಾಲುವೆಯ ಎರಡೂ ಬದಿಗೆ ಹಿಪ್ಪುನೇರಳೆ ಗಿಡಗಳು ಎಲೆ ಕಳೆದುಕೊಂಡು ಮುಷ್ಟಿ ಹಿಡಿದಂತೆ ನಿಂತಿದ್ದವು. ಸೇತುವೆಗಳ ಕಮಾನು ನೀರಿನಲ್ಲಿ ತಲೆಕೆಳಗಾಗಿ ಪೂರ್ಣ ಚಂದ್ರನಾಗುತ್ತಿತ್ತು, ನಾವು ಅದರ ನಡುವೆ ಹಾದು ಹೋಗುತ್ತಿದ್ದೆವು.

ಅತ್ತಿಗೆ ಕಣ್ಣು ತೆರೆದಳು. "ಅಪ್ಪಾ?"

"ಅಲ್ಲ, ಅಣ್ಣ. ಪೇಟೆಗೆ ಹೋಗ್ತಿದೀವಿ."

"ದಡ ಕಾಣ್ತಿದೆಯಾ?"

"ಕಾಣ್ತಿದೆ," ಎಂದೆ. "ಎರಡೂ ಕಡೆ."

ಅವಳ ತಣ್ಣನೆಯ ಪಾದಗಳನ್ನು ನನ್ನ ಅಂಗಿಯೊಳಗೆ, ಮೊಟ್ಟೆ ಒಡೆಸಿದ ಜಾಗಕ್ಕೆ, ಒತ್ತಿಕೊಂಡು ಕೂತೆ. ಹೊಟ್ಟೆಯೊಳಗೆ ಮಗು ಒಮ್ಮೆ ಒದ್ದದ್ದು ಬಟ್ಟೆಯ ಮೇಲೆಯೇ ಕಾಣಿಸಿತು.

ಆರೋಗ್ಯ ಕೇಂದ್ರ ಹಳೆಯ ಅಕ್ಕಿ ಅಂಗಡಿಯಲ್ಲಿತ್ತು. ಫಾಂಗ್ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಅತ್ತಿಗೆಯನ್ನು ಮಲಗಿಸಿ, ರೆಪ್ಪೆ ನೋಡಿ, ಎದೆಗೆ ಕೊಳವೆಯಿಟ್ಟು ಕೇಳಿ, ನನ್ನ ಕಡೆ ತಿರುಗಿದಳು. "ಅವಳಿಗೆ ಮಾತಾಡೋಷ್ಟು ಉಸಿರಿಲ್ಲ. ನೀನು ಹೇಳು."

ಅಣ್ಣ ನನ್ನ ಮುಖ ನೋಡಿದ. ಅವನಿಗೆ ಹೇಳಲು ಏನೂ ಗೊತ್ತಿರಲಿಲ್ಲ. ನಾನು ನೆಲ ನೋಡುತ್ತ ಶುರುಮಾಡಿದೆ. ಒಲೆಯ ಮಣ್ಣು ಎಂದೆ. ಬಾವಿ ಕಟ್ಟೆಯಂಥ ಎದೆ ಎಂದೆ. ಒಡೆಯದ ಮೊಟ್ಟೆ, ಏಣಿಯ ಎರಡನೆಯ ಮೆಟ್ಟಿಲು, ಕಿವಿಯಲ್ಲಿ ನಡೆಯುವ ದೋಣಿ ಎಂದೆ. ಕೊನೆಗೆ ಹೋದ ವರ್ಷದ ಕಾಲು ತುರಿ, ಗುಳ್ಳೆ, ಬೂದಿ. ನನ್ನ ಜೀವಮಾನದಲ್ಲಿ ಒಂದೇ ಸಲಕ್ಕೆ ಅಷ್ಟು ಮಾತಾಡಿರಲಿಲ್ಲ. ನಿಲ್ಲಿಸಿದಾಗ ನನಗೇ ಏದುಸಿರು.

"ಕಾಲು ತುರಿ," ಎಂದು ಫಾಂಗ್ ತಲೆದೂಗಿದಳು. ಅತ್ತಿಗೆಯ ಮಲ ತೆಗೆದುಕೊಂಡು ಗಾಜಿನ ಚೂರಿನ ಮೇಲೆ ಸವರಿ, ದೊಡ್ಡದು ಮಾಡಿ ತೋರಿಸುವ ಯಂತ್ರದ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕರೆದಳು. "ಹೆದರಬೇಡ, ನೋಡು."

ಒಂದು ಬೆಳಕಿನ ಕೊಳ. ಅದರಲ್ಲಿ ತೇಲುವ ಉದ್ದಗುಂಡನೆಯ ತಿಳಿಯಾದ ಮೊಟ್ಟೆಗಳು. ಒಂದರ ಪಕ್ಕ ಒಂದು, ಅಂಚು ತೆಳ್ಳಗೆ, ಒಳಗೆ ಏನೋ ಮಲಗಿರುವ ಹಾಗೆ.

"ನಮ್ಮ ಹುಳುವಿನ ಮೊಟ್ಟೆಯ ಹಾಗೇ ಇವೆ," ಎಂದೆ.

"ಹುಳುವಿನವೇ. ಆದರೆ ಇವು ನೂಲು ಕೊಡಲ್ಲ. ಹಸಿ ಗೊಬ್ಬರದ ಮಣ್ಣಲ್ಲಿ ಒಡೆದು, ಬರಿಗಾಲ ಚರ್ಮ ತೂರಿ ಒಳಗೆ ಹೋಗ್ತಾವೆ. ಆಗಲೇ ಆ ತುರಿ. ಆಮೇಲೆ ಕರುಳು ಕಚ್ಚಿ ಹಿಡಿದು ರಕ್ತ ಕುಡೀತಾವೆ, ದಿನಾ ಹನಿ ಹನಿ. ನಿಮ್ಮೆಲ್ಲರ ಹೊಟ್ಟೇಲೂ ಸ್ವಲ್ಪ ಇರುತ್ತೆ. ಇವಳಲ್ಲಿ ತುಂಬಾ ಇವೆ, ಮೇಲೆ ಮಗುಗೂ ಇವಳದೇ ರಕ್ತ ಬೇಕು."

ಅಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಉಳೀತಾಳಾ?"

"ಇವತ್ತು ಬಂದಿದೀರಲ್ಲ. ಹೆರಿಗೆಗೆ ಇನ್ನೂ ತಿಂಗಳ ಮೇಲಿದೆ. ಇಲ್ಲೇ ಇರಲಿ. ಮೊದಲು ಕಬ್ಬಿಣದ ಗುಳಿಗೆ, ಈಲಿ, ಹೆಪ್ಪುಗಟ್ಟಿಸಿ ಬೇಯಿಸಿದ ಹಂದಿ ರಕ್ತ, ಸೊಪ್ಪು. ಸ್ವಲ್ಪ ಜೀವ ಬರಲಿ, ಆಮೇಲೆ ಹುಳುವಿನ ಔಷಧ. ಉಳೀತಾಳೆ ಅಂತ ಇವತ್ತು ಬರೆದುಕೊಡಲ್ಲ. ಗೂಡಿಗೆ ಕಾದಿದ್ದರೆ ಉಳೀತಿರಲಿಲ್ಲ ಅಂತ ಬೇಕಾದರೆ ಬರೆದುಕೊಡ್ತೀನಿ."

ನಾನು ಅವಳ ಬಳಿ ಉಳಿದೆ. ಅಣ್ಣ ದಿನ ಬಿಟ್ಟು ದಿನ ದೋಣಿಯಲ್ಲಿ ಹಂದಿಯ ಈಲಿ ತರುತ್ತಿದ್ದ. ಅಮ್ಮನಿಂದ ಒಂದು ಮಾತೂ ತರುತ್ತಿದ್ದ. "ಅರ್ಧ ಹುಳ ಬೆಟ್ಟ ಹತ್ತಿವೆಯಂತೆ." "ಎರಡು ಸಾಲು ತಟ್ಟೆ ಹೋಯ್ತಂತೆ." ಬಾಗಿಲು ತೆರೆದದ್ದಕ್ಕೇ ಹೋಯಿತು ಎಂದು ಊರು ಹೇಳಿತು. ಸೊಪ್ಪು ಹಾಕಲು ಕೈ ಸಾಲದೆ ಹೋಯಿತು ಎಂದು ಅಣ್ಣ ಹೇಳಿದ.

ಅತ್ತಿಗೆ ಈಲಿಯನ್ನು ಬೈಯುತ್ತ ತಿಂದಳು. "ನಿಮ್ಮಣ್ಣನಿಗೆ ಹೇಳು, ಮುಂದಿನ ಸಲ ಹಂದಿ ಬಿಟ್ಟು ತಾನೊಬ್ಬನೇ ಬರಲಿ ಅಂತ. ಬಂದಾಗೆಲ್ಲ ಈಲಿ ಇಟ್ಟು ತಪ್ಪಿಸ್ಕೊಳ್ತಾನೆ." ಅವಳು ಬೈದ ದಿನವೇ ನಾನು ಧೈರ್ಯವಾಗಿ ನಿದ್ದೆ ಮಾಡಿದೆ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಅವಳು ಎದ್ದು ಕೂತು ಕಿವಿಗೆ ಕೈ ಇಟ್ಟುಕೊಂಡಳು. "ಆಸಾಂಗ್, ಅಪ್ಪ ದೋಣಿ ನಿಲ್ಲಿಸಿದ," ಎಂದಳು.

ವರ್ಷದ ಐದನೆಯ ತಿಂಗಳ ಕೊನೆಗೆ ಮಗು ಹುಟ್ಟಿತು. ಹೆಣ್ಣು. ಒಂದು ಮೊಲದ ಮರಿಯಷ್ಟು. ರಕ್ತ ಹೋಯಿತು, ಆದರೆ ಬಟ್ಟಲಿಗಿಂತ ಕಡಿಮೆ. ಫಾಂಗ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಕೈ ತೊಳೆಯುವುದನ್ನೂ ಮರೆತು, ನನ್ನನ್ನು ನೋಡಿ ನಕ್ಕಳು.

*

ನಾವು ಮನೆಗೆ ಮರಳಿದಾಗ ಚಾಪೆಗಳನ್ನೆಲ್ಲ ತೆಗೆದಿದ್ದರು. ಖಾಲಿ ತಟ್ಟೆಗಳು ಬಿಸಿಲಿಗೆ ಒರಗಿದ್ದವು. ಕಕ್ಕಸಿನ ಗಡಿಗೆಯ ಮೇಲೆ ಹೊಸ ಮರದ ಮುಚ್ಚಳ. ಆರು ತಿಂಗಳು ಮುಚ್ಚಿಟ್ಟು ಕೊಳೆಸಿದ ಮೇಲೆಯೇ ಗಿಡಕ್ಕೆ ಹಾಕಬೇಕು ಎಂದು ಫಾಂಗ್ ಅಣ್ಣನಿಗೆ ಹೇಳಿ ಕಳಿಸಿದ್ದಳು. ಬಾಗಿಲ ಬಳಿ ಸಾಲಾಗಿ ಮರದ ಅಟ್ಟೆಯ ಮೆಟ್ಟುಗಳು, ಮೂರು ಜೊತೆ. ಅಮ್ಮ ನಾಲ್ಕನೆಯ ಜೊತೆ ಹಾಕಿಕೊಂಡು ಟಕ್ ಟಕ್ ಎಂದು ಬಂದಳು.

"ಬಾತುಕೋಳಿ ಹಾಗೆ ನಡೀತೀನಿ ಅಂತ ಮಾವೋ ನಗ್ತಾಳೆ. ನಗಲಿ, ನಾಳೆ ಅವಳಿಗೂ ತರ್ತೀನಿ," ಎಂದಳು. ಮಗುವನ್ನು ತೆಗೆದುಕೊಳ್ಳಲಿಲ್ಲ, ನೋಡಲೂ ಇಲ್ಲ. ಅತ್ತಿಗೆಯ ಮೊಣಕೈ ಹಿಡಿದು ಸೀದಾ ಕಂಡಿಯ ಬಳಿಗೆ ಕರೆದುಕೊಂಡು ಹೋದಳು. "ಕೈ ಕೊಡು."

ಅತ್ತಿಗೆ ಕೈ ಚಾಚಿದಳು. ಗೇಣಗಲದ ಬಿಸಿಲಿನಲ್ಲಿ ಅವಳ ಬೆರಳುಗಳ ಅಂಚಿಗೆ ಒಂದು ಬಣ್ಣ ಎದ್ದಿತು. ಕೆಂಡದ್ದಲ್ಲ. ಉದುರುವ ಮುಂಚಿನ ಪೀಚ್ ಹೂವಿನದು, ನೋಡಬೇಕೆಂದು ನೋಡಿದರೆ ಮಾತ್ರ ಕಾಣುವಂಥದ್ದು. ಅಮ್ಮ ಆ ಕೈಯನ್ನು ಮಗುಚಿ ನೋಡಿದಳು, ಕಣ್ಣು ಕಿರಿದು ಮಾಡಿ, ಹುಳು ನೋಡುವ ಹಾಗೆ.

"ಸಾಲದು," ಎಂದಳು. "ಇನ್ನೂ ಈಲಿ ತಿನ್ನಬೇಕು. ಗೆನ್‌ಫಾ, ಹೋಗು."

"ಅತ್ತೇ!" ಎಂದು ಅತ್ತಿಗೆ ಮುಖ ಹಿಂಡಿದಳು.

ಅಮ್ಮ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ, ನನ್ನ ತೋಳಿನಲ್ಲಿ ಮಲಗಿದ್ದ ಮಗುವಿನ ಬಟ್ಟೆ ಸರಿಸಿ, ಒಂದು ಪಾದವನ್ನು ಹೊರತೆಗೆದಳು. ಮಣ್ಣು ಕಾಣದ ಪಾದ. ಅದನ್ನು ಬೆಳಕಿಗೆ ಹಿಡಿದಳು. ಐದು ಕಾಳಿನಂಥ ಬೆರಳುಗಳು, ಒಂದೊಂದರಲ್ಲೂ ಒಂದು ಹನಿ ಕೆಂಪು.

ಅಮ್ಮ ಬಹಳ ಹೊತ್ತು ಅದನ್ನು ಹಾಗೆಯೇ ಹಿಡಿದುಕೊಂಡು ನಿಂತಳು. ಆಮೇಲೆ ಆ ಪಾದವನ್ನು ತನ್ನ ಅಂಗಿಯೊಳಗೆ, ಎದೆಗೆ, ಒತ್ತಿಕೊಂಡಳು.